ಕಡಲೆ ಹೊಲಕ್ಕೆ ಹೆಬ್ಬಾತು ಇಳಿಯುತ್ತಿವೆ. ಹಕ್ಕಿಗೆ ನೋವಾಗದ ಹಾಗೆ ಬೆಳೆ ಉಳಿಸುವುದು ಹೇಗೆ?

ಎರೆಹೊಲ (ಶಿರಹಟ್ಟಿ ಕಡೆ) · 24 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಎರಡು ಕಿಲೋಮೀಟರ್ ಒಳಗೇ ನಮ್ಮ ಹೊಲ. ಮೂರೂವರೆ ಎಕರೆ ಎರೆ ಭೂಮಿ. ಮುಂಗಾರಿಗೆ ಹೆಸರು, ಅದು ತೆಗೆದ ಮೇಲೆ ಹಿಂಗಾರಿಗೆ ಕಡಲೆ, ಜೆಜಿ-11 ತಳಿ. ಅಕ್ಟೋಬರ್ ಮೂರನೇ ವಾರ ಬಿತ್ತಿದೆವು. ಮೊಳಕೆ ಚೆನ್ನಾಗಿ ಬಂತು, ಸಾಲು ತುಂಬಿ ಹಸಿರಾಯಿತು. ಅಷ್ಟರಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಬಂದವು.

ಹಗಲೆಲ್ಲ ಕೆರೆಯಲ್ಲೇ ಇರುತ್ತವೆ. ಹೊತ್ತು ಮುಳುಗಿ ಅರ್ಧ ಗಂಟೆಗೆ ಗುಂಪು ಗುಂಪಾಗಿ ಎದ್ದು ಬರುತ್ತವೆ. ಕತ್ತಲಲ್ಲಿ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಮೊನ್ನೆ ಬೆಳಗಿನ ಐದೂವರೆಗೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋದೆ. ನಾಲ್ಕು ಸಾಲು ಉದ್ದಕ್ಕೂ ಕುಡಿಯೇ ಇಲ್ಲ. ಕುರಿ ಮೇದರೆ ಕತ್ತರಿಸಿದ ಹಾಗೆ ಇರುತ್ತದೆ. ಇದು ಹಾಗಲ್ಲ, ಹಿಡಿದು ಜಗ್ಗಿದ ಹಾಗಿದೆ. ಬದುವಿನ ಪಕ್ಕ ಹಸಿ ಇರುವ ಕಡೆ ಗಿಡ ಬೇರು ಸಮೇತ ಬಂದುಬಿಟ್ಟಿದೆ. ಮಣ್ಣಿನ ಮೇಲೆ ಜಾಲಪಾದದ ಹೆಜ್ಜೆ. ಎಲ್ಲಿ ನೋಡಿದರೂ ಪೆನ್ಸಿಲ್ ದಪ್ಪದ ಹಸಿರು ಹಿಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹಕ್ಕಿಗಳನ್ನು ನಾವು ಬೈಯುವುದಿಲ್ಲ. ನಮ್ಮ ಅಜ್ಜನ ಕಾಲದಿಂದ ನೋಡಿದ್ದೇವೆ. ದೂರದೂರಿನವರು ಕ್ಯಾಮೆರಾ ಹಿಡಿದು ಬರುತ್ತಾರೆ, ಊರಿಗೆ ಹೆಸರು ಬಂದಿದೆ. ಆದರೆ ಬೀಜ, ಗೊಬ್ಬರ, ಗಳೆ ಎಲ್ಲಾ ಸೇರಿ ಸಾಲ ಮಾಡಿ ಹಾಕಿದ್ದು ನಾನು. ಕಳೆದ ವರ್ಷ ಒಂದು ಕಚೇರಿಗೆ ಅರ್ಜಿ ಕೊಟ್ಟೆ. "ಆನೆ, ಹಂದಿ ಆದರೆ ನೋಡಬಹುದು, ಬಾತುಕೋಳಿಗೆ ಏನು ಮಾಡೋಣ?" ಎಂದು ಕೇಳಿ ಕಳಿಸಿದರು.

ಹಕ್ಕಿಗೂ ಪೆಟ್ಟಾಗಬಾರದು, ಬೆಳೆಯೂ ಉಳಿಯಬೇಕು. ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕೆರೆದಂಡೆ (ಮೈಸೂರು) · 24 ನವೆಂಬರ್

ಸರ್, ನಾನು ಇಪ್ಪತ್ತು ವರ್ಷದಿಂದ ನಂಜನಗೂಡು ಹತ್ತಿರದ ಹದಿನಾರು ಕೆರೆಗೆ ಹೋಗುತ್ತಿದ್ದೇನೆ. ನಮ್ಮ ಕಡೆಯೂ ಇದೇ ಹಕ್ಕಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಇಲ್ಲಿ ಸಿಕ್ಕಿವೆ. ಹಿಮಾಲಯ ದಾಟಿ ಬರುವ ಹಕ್ಕಿ ಇದು. ಉಪಗ್ರಹದ ಟ್ಯಾಗ್ ಹಾಕಿ ಅಳೆದಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ದೂರ ಬಂದು ನಾಲ್ಕು ಎಲೆ ತಿಂದರೆ ಎಷ್ಟು ನಷ್ಟ ಆದೀತು? ಎರಡೂವರೆ ಕಿಲೋ ತೂಕದ ಹಕ್ಕಿ. ಕಡಲೆ ಮತ್ತೆ ಚಿಗುರುತ್ತದೆ ಅಲ್ವಾ? ನಾಲ್ಕು ತಿಂಗಳು ಸಹಿಸಿಕೊಂಡರೆ ಮಾರ್ಚ್‌ಗೆ ತಾವಾಗಿ ಹೋಗುತ್ತವೆ.

ಎರೆಹೊಲ · 24 ನವೆಂಬರ್

ಅಣ್ಣಾರ, ಒಂದು ಹಕ್ಕಿ ನಾಲ್ಕು ಎಲೆ ತಿಂದರೆ ಸರಿ. ಮಾಗಡಿಗೆ ಬರುವುದು ಸುಮಾರು 8,000. ಎಲ್ಲಾ ಒಂದೇ ಹೊಲಕ್ಕೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ನಾನೂರು ಐನೂರರ ಗುಂಪು ಒಂದು ರಾತ್ರಿ ಇಳಿದರೆ ಅರ್ಧ ಎಕರೆ ಬೋಳಾಗುತ್ತದೆ. ರುಚಿ ಕಂಡ ಹೊಲಕ್ಕೆ ಮರುದಿನವೂ ಬರುತ್ತವೆ. ಆ ನಾಲ್ಕು ತಿಂಗಳೇ ನನ್ನ ಬೆಳೆಯ ಪೂರ್ತಿ ಆಯುಷ್ಯ. ಅವು ಹೋಗುವ ಹೊತ್ತಿಗೆ ರಾಶಿಯೂ ಮುಗಿದಿರುತ್ತದೆ.

ಬಾರುಕೋಲು (ಬಳ್ಳಾರಿ ಕಡೆ) · 25 ನವೆಂಬರ್

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಹೊಡೆಯುವ ಗನ್ ಇನ್ನೂರು ರೂಪಾಯಿಗೆ ಸಿಗುತ್ತದೆ. ನಾವು ಕೋತಿಗೆ ಅದನ್ನೇ ಬಳಸುತ್ತೇವೆ. ಇಲ್ಲಾಂದ್ರೆ ರಾತ್ರಿ ಸಣ್ಣ ಬಲೆ ಕಟ್ಟಿ. ಎರಡು ಸಿಕ್ಕಿಬಿದ್ದರೆ ಉಳಿದವು ಆ ಕಡೆ ತಲೆ ಹಾಕುವುದಿಲ್ಲ.

ಅಟ್ಟಣಿಗೆ (ಹಾವೇರಿ) · 25 ನವೆಂಬರ್

ಎರಡೂ ಬೇಡ ತಮ್ಮಾ, ದಯಮಾಡಿ. 2025ರ ದೀಪಾವಳಿಯಲ್ಲಿ ಭೋಪಾಲ್ ಸುತ್ತಮುತ್ತ ಇದೇ ಕಾರ್ಬೈಡ್ ಗನ್ನಿನಿಂದ ಎಷ್ಟೋ ಮಕ್ಕಳ ಕಣ್ಣು ಸುಟ್ಟವು. ಹೊಡೆಯಲಿಲ್ಲವೆಂದು ಮಕ್ಕಳು ಪೈಪಿನೊಳಗೆ ಬಗ್ಗಿ ನೋಡುತ್ತವೆ, ಆಗಲೇ ಸಿಡಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಆ ವಸ್ತು ತರಲೇಬೇಡಿ.

ಬಲೆಯ ಮಾತಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿ ಹಿಡಿಯುವುದು ಅಪರಾಧ. ಬೆಳೆ ಹೋದ ರೈತನ ಮೇಲೇ ಕೇಸು ಬೀಳುತ್ತದೆ. ಕಾಯ್ದೆ ಹಾಗಿರಲಿ, ನೈಲಾನ್ ದಾರಕ್ಕೆ ಕಾಲು ಸಿಕ್ಕಿ ರಾತ್ರಿಯೆಲ್ಲ ಒದ್ದಾಡಿದ ಕೊಕ್ಕರೆಯನ್ನು ನಾನು ಬಿಡಿಸಿದ್ದೇನೆ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಬಾರುಕೋಲು · 25 ನವೆಂಬರ್

ಭೋಪಾಲಿನ ಸುದ್ದಿ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ಎರಡು ಚಿಕ್ಕ ಮಕ್ಕಳಿವೆ. ಇವತ್ತೇ ತೆಗೆದು ಬಿಸಾಡುತ್ತೇನೆ.

ಬೇಸಾಯ ಪಾಠ (ಧಾರವಾಡ, ಕೃಷಿ ಓದುತ್ತಿರುವವಳು) · 26 ನವೆಂಬರ್

ಕೆರೆದಂಡೆ ಸರ್ ಹೇಳಿದ "ಮತ್ತೆ ಚಿಗುರುತ್ತದೆ" ಅರ್ಧ ಸರಿ. ಉಳಿದರ್ಧ ತಪ್ಪಾಗುವುದೇ ರೈತರಿಗೆ ದುಬಾರಿ. ಬಿಡಿಸಿ ಹೇಳುತ್ತೇನೆ.

ಕಡಲೆಗೆ ಮೂವತ್ತು ಮೂವತ್ತೈದು ದಿನ ಆದಾಗ ನಾವೇ ಕುಡಿ ಚಿವುಟುತ್ತೇವೆ. ತುದಿ ಹೋದರೆ ಪಕ್ಕದ ಟೊಂಗೆ ಒಡೆಯುತ್ತವೆ, ಕಾಯಿ ಜಾಸ್ತಿ ಆಗುತ್ತದೆ. ಚಿವುಟಿದ ಸೊಪ್ಪು ಪಲ್ಯಕ್ಕೂ ಆಗುತ್ತದೆ. ಆ ಹೊತ್ತಿನಲ್ಲಿ ಹೆಬ್ಬಾತು ತುದಿ ಮಾತ್ರ ಕಿತ್ತರೆ ಗಿಡ ಸುಧಾರಿಸಿಕೊಳ್ಳುತ್ತದೆ.

ಆದರೆ ಮೂರು ಸಂದರ್ಭದಲ್ಲಿ ಸುಧಾರಿಸುವುದಿಲ್ಲ. ಸಸಿ ಹದಿನೈದು ಇಪ್ಪತ್ತು ದಿನದ್ದಿದ್ದು ಬೇರು ಸಮೇತ ಬಂದರೆ ಅಲ್ಲಿಗೆ ಮುಗಿಯಿತು. ಒಂದೇ ಗಿಡವನ್ನು ಪದೇ ಪದೇ ಮೇದರೆ ಅದು ಚಿಗುರುತ್ತಲೇ ಕಾಲ ಕಳೆಯುತ್ತದೆ, ಹೂ ತಡವಾಗುತ್ತದೆ. ನಿಮ್ಮದು ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ ಬೆಳೆಯುವ ಕಡಲೆ. ಎರಡು ವಾರ ತಡವಾದರೆ ಕಾಯಿ ತುಂಬುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. ಮೂರನೆಯದು, ಹೂ ಮತ್ತು ಕಾಯಿ ಇದ್ದಾಗ ಮೇದರೆ ಹೋದದ್ದು ನೇರವಾಗಿ ಚೀಲದಿಂದಲೇ ಹೋದ ಹಾಗೆ.

ಆದ್ದರಿಂದ ಎರೆಹೊಲ ಅಣ್ಣ, ನಾಲ್ಕು ತಿಂಗಳೂ ಒಂದೇ ಸಮನೆ ಕಾಯಬೇಕಿಲ್ಲ. ಸಸಿ ಇರುವ ಮೊದಲ ಇಪ್ಪತ್ತೈದು ದಿನ, ಆಮೇಲೆ ಹೂ ಬಿಟ್ಟ ಮೇಲಿನ ದಿನಗಳು, ಇವೆರಡರಲ್ಲಿ ನಿದ್ದೆಗೆಟ್ಟರೆ ಸಾರ್ಥಕ. ನಡುವೆ ಸ್ವಲ್ಪ ಉಸಿರು ಬಿಡಬಹುದು. ಇನ್ನೊಂದು ವಿಷಯ. ಬೆಳದಿಂಗಳ ರಾತ್ರಿಗಳಲ್ಲಿ ಹೆಬ್ಬಾತುಗಳು ಜಾಸ್ತಿ ಹೊತ್ತು ಮೇಯುತ್ತವೆ. ಹುಣ್ಣಿಮೆಯ ಹಿಂದೆ ಮುಂದೆ ಐದಾರು ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಕೆರೆದಂಡೆ · 26 ನವೆಂಬರ್

ತಂಗಿ, ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರೆಹೊಲ ಅವರೇ, ನಾನು ಹಾಗೆ ಹೇಳಬಾರದಿತ್ತು. ಇಷ್ಟು ವರ್ಷ ದಂಡೆಯ ಮೇಲೆ ನಿಂತು ಹಕ್ಕಿ ಎಣಿಸಿದ್ದೇನೆ. ಅವು ರಾತ್ರಿ ಎಲ್ಲಿ ಉಣ್ಣುತ್ತವೆ ಎಂದು ಆ ಹೊಲದವರನ್ನು ಒಂದು ದಿನವೂ ಕೇಳಲಿಲ್ಲ. ನಿಮ್ಮ ಮಾತು ಓದಿದ ಮೇಲೆ ನಿನ್ನೆ ಸಂಜೆ ಹದಿನಾರಿನಲ್ಲಿ ಹುರಳಿ ಹೊಲದ ಯಜಮಾನರ ಹತ್ತಿರ ಹೋಗಿ ಕೂತೆ. ಅವರೂ ನಿಮ್ಮ ಹಾಗೇ ಹೇಳಿದರು. ಭತ್ತ ಕೊಯ್ದ ಗದ್ದೆಯಲ್ಲಿ ಉದುರಿದ ಕಾಳು ಹೆಕ್ಕಿದರೆ ಅವರಿಗೆ ಒಂದು ಚೂರೂ ಬೇಸರವಿಲ್ಲ. ಹಸಿರು ಇರುವ ಹೊಲಕ್ಕೆ ಇಳಿದಾಗ ಮಾತ್ರ ಹೊಟ್ಟೆ ಉರಿಯುತ್ತದೆ ಅಂದರು.

ತಗ್ಗಿನ ನಾಡು (ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್, ಮೂಲ ಹುಬ್ಬಳ್ಳಿ) · 28 ನವೆಂಬರ್

ಈ ಚರ್ಚೆ ನೋಡಿ ಬರೆಯದೆ ಇರಲಾಗಲಿಲ್ಲ. ನಾನು ಕೆಲಸ ಮಾಡುವುದು ಹಾಲಿನ ಕೆಲಸದವರ ಜೊತೆ. ಇಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಹೆಬ್ಬಾತಿನದೇ ಮಾತು. ಈ ಪುಟ್ಟ ದೇಶಕ್ಕೆ ಚಳಿಗಾಲದಲ್ಲಿ ಬರುವ ಕಾಡು ಹೆಬ್ಬಾತುಗಳು 20 ಲಕ್ಷಕ್ಕೂ ಜಾಸ್ತಿ. ನಮ್ಮ ಫ್ರೀಸ್‌ಲ್ಯಾಂಡ್ ಅವುಗಳ ದೊಡ್ಡ ಬೀಡು.

ಬಾರ್ನಕಲ್ ಅಂತ ಒಂದು ಜಾತಿ. ಬಿಳಿ ಮುಖ, ಕಪ್ಪು ಕುತ್ತಿಗೆ. ಅರವತ್ತು ಎಪ್ಪತ್ತು ವರ್ಷದ ಹಿಂದೆ ರಷ್ಯಾ ಕಡೆಯಿಂದ ಇಲ್ಲಿಗೆ ಬರುತ್ತಿದ್ದದ್ದು ಕೆಲವು ಹತ್ತು ಸಾವಿರ ಮಾತ್ರ. ಬೇಟೆ ನಿಲ್ಲಿಸಿದರು. ಅದೇ ಹೊತ್ತಿಗೆ ರೈತರು ಗೊಬ್ಬರ ಸುರಿದು ಹುಲ್ಲನ್ನು ಮೆತ್ತಗೆ, ಸತ್ವ ತುಂಬಿದ ಹಾಗೆ ಬೆಳೆಸತೊಡಗಿದರು. ಈಗ ಆ ಬಳಗ ಹತ್ತು ಲಕ್ಷ ದಾಟಿದೆ. ಹೆಬ್ಬಾತಿನ ಹೊಟ್ಟೆಗೆ ಹಸುವಿನ ಹಾಗೆ ನಾರು ಕರಗಿಸುವ ಶಕ್ತಿ ಇಲ್ಲ. ತಿಂದದ್ದು ಒಂದೆರಡು ಗಂಟೆಯಲ್ಲಿ ಹೊರಗೆ ಬರುತ್ತದೆ, ಹಾಗಾಗಿ ತಿನ್ನುತ್ತಲೇ ಇರಬೇಕು. ಎಳೆಯದು, ರಸ ಇರುವುದು ಎಲ್ಲಿದೆಯೋ ಅಲ್ಲಿಗೇ ಬರುತ್ತವೆ. ಇಲ್ಲಿ ರೈತನ ಹುಲ್ಲು, ಅಲ್ಲಿ ನಿಮ್ಮ ಕಡಲೆ ಕುಡಿ.

ಇಲ್ಲಿ ಏನು ಮಾಡುತ್ತಾರೆ ಹೇಳುತ್ತೇನೆ, ಪೂರ್ತಿ ಚೆನ್ನಾಗಿದೆ ಅಂತಲ್ಲ. ನಷ್ಟ ಆದ ರೈತ ಅರ್ಜಿ ಹಾಕಿದರೆ ಮೌಲ್ಯಮಾಪಕರು ಹೊಲಕ್ಕೇ ಬಂದು ಅಳೆಯುತ್ತಾರೆ. ಪ್ರಾಂತ್ಯದ ಆಡಳಿತ ದುಡ್ಡು ಕೊಡುತ್ತದೆ. ವರ್ಷಕ್ಕೆ ಕೋಟಿಗಟ್ಟಲೆ ಯೂರೋ ಆಗುತ್ತದೆ. ಕೆಲವು ಪ್ರದೇಶಗಳನ್ನು ಹೆಬ್ಬಾತು ಮೇಯಲಿ ಎಂದೇ ಬಿಟ್ಟಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಯಾರೂ ಅವುಗಳನ್ನು ಎಬ್ಬಿಸುವಂತಿಲ್ಲ, ಹೊಲದವನಿಗೆ ಅದಕ್ಕೆ ಹಣ ಸಿಗುತ್ತದೆ. ಉಳಿದ ಕಡೆ ಎಬ್ಬಿಸಬಹುದು. ಬೇಸಿಗೆಯಲ್ಲಿ ಇಲ್ಲೇ ಉಳಿಯುವ ಹೆಬ್ಬಾತುಗಳನ್ನು ಕೊಲ್ಲುವುದೂ ನಡೆಯುತ್ತದೆ. ಅದರ ಬಗ್ಗೆ ಜನರ ನಡುವೆ ದೊಡ್ಡ ಜಗಳವೇ ಇದೆ. ನನಗೂ ಅದು ಒಪ್ಪಿಗೆ ಇಲ್ಲ.

ಇಲ್ಲಿನ ರೈತರಿಂದ ನಾನು ಕಲಿತದ್ದು ಇಷ್ಟು: ಎಬ್ಬಿಸಿದರೆ ಸಾಲದು, ಅವು ಇಳಿಯುವುದಕ್ಕೆ ಒಂದು ಜಾಗವೂ ಬೇಕು. ಜಾಗ ಇಲ್ಲದೆ ಎಲ್ಲಾ ಕಡೆಯಿಂದ ಎಬ್ಬಿಸುತ್ತಾ ಇದ್ದರೆ ಹಾರಿ ಹಾರಿ ಹಸಿವು ಜಾಸ್ತಿ ಆಗುತ್ತದೆ. ಕಡೆಗೆ ಪಕ್ಕದವರ ಹೊಲದಲ್ಲಿ ಇನ್ನೂ ಜಾಸ್ತಿ ತಿನ್ನುತ್ತವೆ. ನನ್ನ ಹೊಲ ಉಳಿಯಿತು, ನೆರೆಯವನದು ಹೋಯಿತು ಅನ್ನುವ ಹಾಗಾಗುತ್ತದೆ.

ಇಂಗ್ಲೆಂಡಿನ ನಾರ್ಫೋಕ್ ಕಡೆ ಗುಲಾಬಿ ಪಾದದ ಹೆಬ್ಬಾತುಗಳು ಬರುತ್ತವೆ. ಅಲ್ಲಿ ಸಕ್ಕರೆ ಬೀಟ್ ಕೊಯ್ದ ಮೇಲೆ ಹೊಲದಲ್ಲೇ ಉಳಿಯುವ ತಲೆ ಮತ್ತು ಸೊಪ್ಪನ್ನು ಅವು ತಿನ್ನುತ್ತವೆ. ರೈತ ಕೂಡಲೇ ನೇಗಿಲು ಹೊಡೆಯದೆ ಕೆಲವು ದಿನ ಬಿಟ್ಟರೆ ಆಯಿತು. ಹಕ್ಕಿಗೆ ಊಟ, ರೈತನಿಗೆ ನಷ್ಟವಿಲ್ಲ, ಗೋಧಿ ಹೊಲದ ಮೇಲಿನ ಒತ್ತಡವೂ ಕಡಿಮೆ. ನಿಮ್ಮ ಕಡೆ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವಂಥದ್ದು ಏನಾದರೂ ಇದೆಯಾ?

ಎರೆಹೊಲ · 28 ನವೆಂಬರ್

ಇದೆ ಅಣ್ಣಾರ, ಇದೆ! ಶೇಂಗಾ. ನಮ್ಮ ಪಕ್ಕ ಮಸಾರಿ (ಕೆಂಪು ಮಣ್ಣಿನ) ಭೂಮಿಯವರು ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲಿ ಎಷ್ಟೋ ಕಾಯಿ ಉಳಿದುಹೋಗುತ್ತವೆ. ಮೊದಲು ಹೆಂಗಸರು ಮಕ್ಕಳು ಆಯಲು ಹೋಗುತ್ತಿದ್ದರು, ಈಗ ಯಾರೂ ಹೋಗುವುದಿಲ್ಲ. ಟ್ರ್ಯಾಕ್ಟರ್ ಬಂದರೆ ಎರಡೇ ದಿನದಲ್ಲಿ ರಂಟೆ ಹೊಡೆದು ಮಣ್ಣು ಮಗುಚಿಬಿಡುತ್ತಾರೆ. ಅದನ್ನು ಡಿಸೆಂಬರ್ ಕೊನೆಯವರೆಗೆ ಹಾಗೇ ಬಿಡಿ ಎಂದು ಕೇಳಬಹುದು. ಹಿಂದಿನ ವರ್ಷ ಅಂಥ ಒಂದು ಹೊಲದಲ್ಲಿ ಹೆಬ್ಬಾತು ಮೂರು ದಿನ ಕೂತಿದ್ದವು. ಕಾಯಿ ತೋಡಿ ತಿನ್ನುವುದನ್ನು ನಾನೇ ನೋಡಿದ್ದೇನೆ. ಆ ಮೂರು ದಿನ ನನ್ನ ಹೊಲಕ್ಕೆ ಬಂದಿರಲಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ ನೋಡಿ.

ಕುಸುಬೆ (ಗಜೇಂದ್ರಗಡ ಕಡೆ) · 29 ನವೆಂಬರ್

ನಮ್ಮದು ಕೆರೆಯಿಂದ ದೂರ. ಆದರೆ ನಮ್ಮ ಮಾವನವರು ಹೇಳುತ್ತಿದ್ದ ಒಂದು ಮಾತು ಇಲ್ಲಿಗೆ ಹೊಂದುತ್ತದೆ. ಮೊದಲೆಲ್ಲ ಕಡಲೆ, ಜೋಳದ ಹೊಲದ ಸುತ್ತ ಕುಸುಬೆ ಸಾಲು ಹಾಕುತ್ತಿದ್ದರು, ದನ ನುಗ್ಗದಿರಲಿ ಎಂದು. ಮುಳ್ಳಿಗೆ ಹೆದರಿ ದನ ಆ ಕಡೆ ಬರುತ್ತಿರಲಿಲ್ಲ. ಹೊಲದ ಒಳಗೂ ಅಲ್ಲಲ್ಲಿ ಜೋಳದ ಅಕ್ಕಡಿ ಸಾಲು, ಅಂದರೆ ನಡುನಡುವೆ ಬಿತ್ತುವ ಬೇರೆ ಬೆಳೆಯ ಸಾಲು, ಇರುತ್ತಿತ್ತು. ಈಗ ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೆ ಅಕ್ಕಡಿ ಬಿಟ್ಟರು. ಮೂರು ಎಕರೆಯೂ ಒಂದೇ ಬಯಲು. ನಾನು ಹೆಬ್ಬಾತು ಆಗಿದ್ದರೆ ನನಗೂ ಅಲ್ಲೇ ಇಳಿಯೋಣ ಅನ್ನಿಸುತ್ತದೆ.

ಬೇಸಾಯ ಪಾಠ · 29 ನವೆಂಬರ್

ಅಕ್ಕಾ, ಎಷ್ಟು ಸರಿಯಾಗಿ ಹೇಳಿದಿರಿ! ಹೆಬ್ಬಾತು ದೊಡ್ಡ ಹಕ್ಕಿ, ಇಳಿಯಲು ಏರಲು ಉದ್ದ ಬಯಲು ಬೇಕು. ನರಿ, ನಾಯಿ ಬಂದರೆ ದೂರದಿಂದಲೇ ಕಾಣಬೇಕು. ಸುತ್ತ ಎತ್ತರದ ಬೆಳೆ, ಮರ, ಗಿಡಗಂಟಿ ಇರುವ ಸಣ್ಣ ಹೊಲಕ್ಕೆ ಇಳಿಯಲು ಹಿಂಜರಿಯುತ್ತವೆ. ಬಿಳಿಜೋಳ ಕಡಲೆಗಿಂತ ಮೊದಲೇ ಬಿತ್ತುವುದರಿಂದ ಹಕ್ಕಿ ಬರುವ ಹೊತ್ತಿಗೆ ಮೊಣಕಾಲು ದಾಟಿರುತ್ತದೆ. ಇಪ್ಪತ್ತು ಸಾಲಿಗೆ ಒಂದು ಜೋಡಿ ಜೋಳದ ಸಾಲು, ಸುತ್ತ ಕುಸುಬೆ. ಈ ವರ್ಷ ತಡವಾಯಿತು. ಬರುವ ಹಿಂಗಾರಿಗೆ ಮಾಡಿ ನೋಡಬೇಕಾದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಜೋಳದ ಮೇವೂ ಮನೆಗೆ ಬರುತ್ತದೆ.

ಈ ವರ್ಷಕ್ಕೆ ಗೂಟ ನೆಟ್ಟು ಮೊಣಕಾಲೆತ್ತರಕ್ಕೆ ದಪ್ಪ ಹತ್ತಿ ಹಗ್ಗ ಅಥವಾ ಕತ್ತದ ಹುರಿ ಕಟ್ಟಿ. ಅದಕ್ಕೆ ಹಳೇ ಸೀರೆಯ ಪಟ್ಟಿ ತೂಗುಬಿಡಿ. ನೈಲಾನ್, ಮಾಂಜಾ ದಾರ ಬೇಡವೇ ಬೇಡ. ಬೆದರುಬೊಂಬೆ ಆಗಲಿ, ಹೊಳೆಯುವ ರಿಬ್ಬನ್ ಆಗಲಿ, ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ. ಒಂದೇ ಕಡೆ ಇಟ್ಟರೆ ವಾರದಲ್ಲಿ ಅದರ ಪಕ್ಕವೇ ಮೇಯುತ್ತವೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮನುಷ್ಯ ಎದ್ದು ಓಡಾಡುವುದು. ಅದರಲ್ಲೂ ಅವು ಇಳಿದು ನೆಲೆಯಾಗುವ ಮೊದಲೇ, ಮೊದಲ ಗುಂಪು ಸುತ್ತು ಹಾಕುವಾಗ.

ಲಾವಣಿ ಹೊಲ (ಲಕ್ಷ್ಮೇಶ್ವರ ಕಡೆ) · 1 ಡಿಸೆಂಬರ್

ನಾನೂ ಬರೆಯಬಹುದಾ? ನಮ್ಮದು ಸ್ವಂತ ಹೊಲ ಅಲ್ಲ. ಎರಡು ಎಕರೆ ಲಾವಣಿ ಹಿಡಿದಿದ್ದೇವೆ. ಯಜಮಾನರು ಗಾರೆ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದಾರೆ, ಹೊಲ ನೋಡುವುದು ನಾನು ಮತ್ತು ಅತ್ತೆ. ರಾತ್ರಿ ಕಾಯಲು ಹೆಂಗಸರು ಹೋಗುವುದು ಕಷ್ಟ. ಹಾವು ಇವೆ, ಕುಡುಕರೂ ಇರುತ್ತಾರೆ. ಹೋದ ವರ್ಷ ಒಂದು ಮೂಲೆಯಲ್ಲಿ ಕಾಲು ಎಕರೆ ಹೋಯಿತು. ಉತಾರ (ಪಹಣಿ) ಮಾಲೀಕರ ಹೆಸರಲ್ಲಿದೆ. ಪರಿಹಾರ ಅಂತ ಏನಾದರೂ ಬಂದರೂ ಅವರಿಗೆ ಹೋಗುತ್ತದೆ. ಲಾವಣಿ ದುಡ್ಡು ಮಾತ್ರ ನಾವು ಪೂರ್ತಿ ಕೊಡಬೇಕು.

ಹಕ್ಕಿಗಳು ಬಂದಾಗ ಅತ್ತೆ ಕೈ ಮುಗಿಯುತ್ತಾರೆ. ಅಷ್ಟು ದೂರದಿಂದ ನಮ್ಮೂರು ನೆನಪಿಟ್ಟು ಬರುತ್ತವಲ್ಲ ಅನ್ನುತ್ತಾರೆ. ನನಗೂ ಅವು ಬರದ ವರ್ಷ ಬೇಡ. ಆದರೆ ಊಟ ಹಾಕುವವರು ನಾವು ಅಂತ ಯಾರಿಗಾದರೂ ಗೊತ್ತಿರಬೇಕಲ್ಲ.

ಎರೆಹೊಲ · 1 ಡಿಸೆಂಬರ್

ಅಕ್ಕಾರ, ನಿಮ್ಮ ಹೊಲ ಯಾವ ಕಡೆ ಎಂದು ನನಗೆ ಖಾಸಗಿಯಾಗಿ ಬರೆಯಿರಿ. ನಮ್ಮೂರಿನ ನಾಲ್ಕು ಹುಡುಗರು ಪಾಳಿ ಮೇಲೆ ಕಾಯಲು ಶುರು ಮಾಡಿದ್ದಾರೆ. ಹತ್ತಿರ ಇದ್ದರೆ ನಿಮ್ಮದನ್ನೂ ಸೇರಿಸಿಕೊಳ್ಳುತ್ತೇವೆ. ದುಡ್ಡಿನ ಮಾತು ಬೇಡ.

ತಾಳೆಪಟ್ಟಿ (ಬೆಂಗಳೂರು, ಬೆಳೆ ವಿಮೆ ಕೆಲಸದ ಅನುಭವ) · 3 ಡಿಸೆಂಬರ್

ಲಾವಣಿ ಹೊಲದ ಅಕ್ಕನ ಮಾತು ಓದಿ ಮನಸ್ಸು ಭಾರವಾಯಿತು. ನನಗೆ ತಿಳಿದ ಒಂದು ವಿಷಯ ಹೇಳುತ್ತೇನೆ, ಇದು ಎಲ್ಲರಿಗೂ ಮುಖ್ಯ.

ಕಳೆದ ತಿಂಗಳು, ಅಂದರೆ 2025ರ ನವೆಂಬರಿನಲ್ಲಿ, ಕೇಂದ್ರ ಕೃಷಿ ಸಚಿವಾಲಯ ತನ್ನ ಬೆಳೆ ವಿಮೆಯಾದ ಫಸಲ್ ಬಿಮಾ ಯೋಜನೆಗೆ ಕಾಡುಪ್ರಾಣಿಗಳಿಂದ ಆಗುವ ಬೆಳೆ ನಷ್ಟವನ್ನು ಸೇರಿಸುವುದಾಗಿ ಹೇಳಿದೆ. 2026ರ ಮುಂಗಾರಿನಿಂದ ಜಾರಿ. ಆದರೆ ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ಪಟ್ಟಿ ಮಾಡುವುದು ರಾಜ್ಯ ಸರ್ಕಾರ. ಅದಕ್ಕೆ ಹಿಂದಿನ ವರ್ಷಗಳ ನಷ್ಟದ ಮಾಹಿತಿ ನೋಡುತ್ತಾರೆ. ನಷ್ಟವಾದ 72 ಗಂಟೆಯೊಳಗೆ ರೈತ ಬೆಳೆ ವಿಮೆ ಆ್ಯಪ್‌ನಲ್ಲಿ ಜಾಗದ ಗುರುತು ಇರುವ ಫೋಟೋ ಹಾಕಿ ತಿಳಿಸಬೇಕು.

ಎಲ್ಲರ ಬಾಯಲ್ಲಿ ಇರುವುದು ಆನೆ, ಹಂದಿ, ಜಿಂಕೆ, ಕೋತಿ. ಮಾಗಡಿಯ ಹೆಬ್ಬಾತಿನ ಹೆಸರು ಯಾರೂ ಹೇಳದಿದ್ದರೆ ಪಟ್ಟಿಗೆ ಬರುವುದಿಲ್ಲ. ಹೇಳಬೇಕೆಂದರೆ ಲೆಕ್ಕ ಬೇಕು. "ತುಂಬಾ ತಿನ್ನುತ್ತವೆ" ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಮಾಗಡಿ ಕೆರೆ 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆಗೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿಗೆ, ಸೇರಿತು. ಅದು ಸುಮಾರು 50 ಹೆಕ್ಟೇರ್ ಕೆರೆ. ನೀರು ಮತ್ತು ನೆಮ್ಮದಿ ಕೆರೆ ಕೊಡುತ್ತದೆ, ಊಟ ಸುತ್ತಲಿನ ಹೊಲ ಕೊಡುತ್ತದೆ. ಇದನ್ನೇ ಅರ್ಜಿಯ ಮೊದಲ ಸಾಲಾಗಿ ಬರೆಯಿರಿ. ಕೆರೆಗೆ ಮರ್ಯಾದೆ ಸಿಕ್ಕಿದೆ ಅಂದಮೇಲೆ ಹೊಲಕ್ಕೂ ಸಿಗಬೇಕು. ಲಾವಣಿಯವರ ವಿಷಯವನ್ನು ಅದೇ ಅರ್ಜಿಯಲ್ಲಿ ಬೇರೆಯಾಗಿ ಎತ್ತಿ.

ಎರೆಹೊಲ · 3 ಡಿಸೆಂಬರ್

ಲೆಕ್ಕ ಇಡುವುದು ಹೇಗೆ ಸರ್? ಎಷ್ಟು ತಿಂದವು ಎಂದು ಹೇಗೆ ತೋರಿಸಲಿ?

ತಗ್ಗಿನ ನಾಡು · 3 ಡಿಸೆಂಬರ್

ಇದು ನನಗೆ ಗೊತ್ತು! ಇಲ್ಲಿ ಸಂಶೋಧಕರು ಮಾಡುವುದು ಬಹಳ ಸುಲಭದ ಕೆಲಸ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಪಂಜರ ಮಾಡಿ ಹೊಲದಲ್ಲಿ ಇಡುತ್ತಾರೆ. ಬಿದಿರು, ಕೋಳಿ ಜಾಲರಿ ಏನಾದರೂ ಆಗುತ್ತದೆ. ಒಳಗಿನ ಗಿಡ ಹಕ್ಕಿಗೆ ಸಿಗುವುದಿಲ್ಲ. ಅದರ ಪಕ್ಕವೇ ಅಷ್ಟೇ ಜಾಗ ಗೂಟ ನೆಟ್ಟು ಗುರುತು ಮಾಡಿ, ಅದನ್ನು ತೆರೆದೇ ಬಿಡಿ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಒಕ್ಕಿ ತೂಗಿದರೆ ಬಂದ ವ್ಯತ್ಯಾಸವೇ ನಷ್ಟ. ಹೊಲದ ನಾಲ್ಕೈದು ಕಡೆ ಇಡಿ. ಚೆನ್ನಾಗಿರುವ ಜಾಗವನ್ನೇ ಆರಿಸಿ ಪಂಜರ ಇಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಇಷ್ಟು ಹೆಜ್ಜೆ ಎಂದು ಮೊದಲೇ ಗೊತ್ತು ಮಾಡಿ ನಡೆಯಿರಿ, ನಿಂತ ಕಡೆ ಇಡಿ.

ಜೊತೆಗೆ ಹಿಕ್ಕೆ ಎಣಿಸಿ. ನಗಬೇಡಿ, ಇದು ನಿಜವಾದ ವಿಧಾನ. ಮೇಯುವ ಹೆಬ್ಬಾತು ನಾಲ್ಕೈದು ನಿಮಿಷಕ್ಕೊಮ್ಮೆ ಹಿಕ್ಕೆ ಹಾಕುತ್ತದೆ. ಗುರುತು ಮಾಡಿದ ಚೌಕದಲ್ಲಿ ವಾರಕ್ಕೊಮ್ಮೆ ಎಣಿಸಿ, ಎಣಿಸಿದ್ದನ್ನು ಗುಡಿಸಿ ತೆಗೆದು ಬಿಡಿ. ಯಾವ ಮೂಲೆಗೆ ಎಷ್ಟು ಹೊತ್ತು ಬಂದಿದ್ದವು ಎಂದು ತಿಳಿಯುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಕಡ್ಡಿ ಬಳಸಿ, ಕೈ ತೊಳೆಯಿರಿ.

ಕೆರೆದಂಡೆ · 4 ಡಿಸೆಂಬರ್

ಕೈಯಲ್ಲಿ ಮುಟ್ಟಬೇಡಿ ಅಂದದ್ದಕ್ಕೆ ಒಂದು ಸೇರಿಸುತ್ತೇನೆ. ಸತ್ತ ಹಕ್ಕಿ ಕಂಡರೆ ಎತ್ತಬೇಡಿ, ನಾಯಿಗೂ ಬಿಡಬೇಡಿ, ಪಶುವೈದ್ಯರಿಗೆ ತಿಳಿಸಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿ ಜ್ವರ ಬಂದು ಸಾವಿರಾರು ಹಕ್ಕಿ ಸತ್ತವು. ಅದರಲ್ಲಿ ಇದೇ ಪಟ್ಟೆತಲೆ ಹೆಬ್ಬಾತುಗಳೇ ಜಾಸ್ತಿ. ಹೆದರುವ ಅಗತ್ಯವಿಲ್ಲ, ಎಚ್ಚರ ಇದ್ದರೆ ಸಾಕು.

ಇನ್ನೊಂದು. ಎಣಿಸುವ ಕೆಲಸಕ್ಕೆ ನಾವು ನಾಲ್ಕು ಜನ ಮೈಸೂರಿನಿಂದ ಜನವರಿಯಲ್ಲಿ ಬರುತ್ತೇವೆ. ಕೆರೆಯಲ್ಲಿ ಹಕ್ಕಿ ಎಣಿಸುತ್ತೇವೆ, ಬೆಳಗ್ಗೆ ನಿಮ್ಮ ಜೊತೆ ಹೊಲದಲ್ಲೂ ಎಣಿಸುತ್ತೇವೆ. ಊಟ ವಸತಿ ನಾವೇ ನೋಡಿಕೊಳ್ಳುತ್ತೇವೆ.

ಅಟ್ಟಣಿಗೆ · 5 ಡಿಸೆಂಬರ್

ಹಿಕ್ಕೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕೆಲವರು "ಹಿಕ್ಕೆ ಗೊಬ್ಬರ ಆಗುತ್ತದೆ, ರೈತನಿಗೆ ಲಾಭವೇ" ಅನ್ನುತ್ತಾರೆ. ಹೊಲದಲ್ಲಿ ಬಿದ್ದದ್ದು ಹೊಲದಿಂದಲೇ ತಿಂದದ್ದು. ಹಗಲೆಲ್ಲ ಕೆರೆಯಲ್ಲಿ ಕೂತಾಗ ಹಾಕಿದ್ದು ನೀರಿಗೆ ಹೋಗುತ್ತದೆ. ಅಂದರೆ ಹೊಲದ ಸತ್ವ ದಿನಾ ಸ್ವಲ್ಪ ಕೆರೆಗೆ ಸೇರುತ್ತಿದೆ. ಹಿಂದಿನವರು ಬೇಸಿಗೆಯಲ್ಲಿ ಕೆರೆಯ ಗೋಡು (ಹೂಳು ಮಣ್ಣು) ತಂದು ಹೊಲಕ್ಕೆ ಹಾಕುತ್ತಿದ್ದರು, ಆ ಸತ್ವ ವಾಪಸ್ ಬರುತ್ತಿತ್ತು. ಹಕ್ಕಿ ಹೋದ ಮೇಲೆ, ನೀರು ಇಳಿದಾಗ, ಅನುಮತಿ ಕೊಟ್ಟು ಸುತ್ತಲಿನ ರೈತರಿಗೆ ಗೋಡು ಒಯ್ಯಲು ಬಿಟ್ಟರೆ ಕೆರೆಯ ಹೂಳೂ ಹೋಗುತ್ತದೆ. ಅರ್ಜಿಯಲ್ಲಿ ಇದನ್ನೂ ಬರೆಯಿರಿ.

ಎರೆಹೊಲ · 11 ಜನವರಿ 2026

ಎಲ್ಲರಿಗೂ ಸುದ್ದಿ ಹೇಳಬೇಕು. ಆರು ಪಂಜರ ಮಾಡಿದೆವು, ಬಿದಿರಿನದು. ನಮ್ಮ ಹೊಲದಲ್ಲಿ ನಾಲ್ಕು, ಲಾವಣಿ ಹೊಲದ ಅಕ್ಕಾರ ಹೊಲದಲ್ಲಿ ಎರಡು. ಶೇಂಗಾ ಹೊಲದವರಲ್ಲಿ ಇಬ್ಬರು ರಂಟೆ ಹೊಡೆಯದೆ ಬಿಡಲು ಒಪ್ಪಿದರು. ಒಬ್ಬರು ಒಪ್ಪಲಿಲ್ಲ, ಅವರಿಗೆ ಬೇಸಿಗೆ ಬೆಳೆಗೆ ಹೊಲ ಸಿದ್ಧ ಮಾಡುವ ಅವಸರ. ತಪ್ಪು ಅನ್ನಲಾರೆ.

ಪಾಳಿಯ ಹುಡುಗರು ಕಡಲೆಯಿಂದ ಎಬ್ಬಿಸುತ್ತಿದ್ದರು, ಶೇಂಗಾ ಹೊಲದ ಕಡೆ ಬ್ಯಾಟರಿಯನ್ನೂ ಬಿಡುತ್ತಿರಲಿಲ್ಲ. ಮೊದಲ ಮೂರು ನಾಲ್ಕು ರಾತ್ರಿ ಏನೂ ಪ್ರಯೋಜನ ಆಗಲಿಲ್ಲ. ಐದನೇ ರಾತ್ರಿ ನಾನೇ ಇದ್ದೆ. ಚಳಿ, ಮಂಜು. ನಮ್ಮ ತಲೆ ಮೇಲೆ ಗುಂಪು ಎರಡು ಸುತ್ತು ಹಾಕಿತು. ರೆಕ್ಕೆಯ ಗಾಳಿಯ ಸದ್ದು ಕೇಳುವಷ್ಟು ಕೆಳಗೆ ಬಂದಿದ್ದವು. ಹುಡುಗ ಎದ್ದು ನಿಂತು ಕಂಬಳಿ ಬೀಸಿದ. ಅವು ಎಡಕ್ಕೆ ತಿರುಗಿ ಹೋಗಿ ಶೇಂಗಾ ಹೊಲದಲ್ಲಿ ಇಳಿದವು. ಬೆಳಗಿನ ತನಕ ಅಲ್ಲೇ ಗುಜುಗುಜು ಮಾತಾಡುತ್ತಾ ಇದ್ದವು. ನಾವೂ ಬೆಂಕಿ ಹಾಕಿಕೊಂಡು ಸುಮ್ನೆ ಕೂತು ಕೇಳಿದೆವು. ಎಷ್ಟೋ ದಿನದ ಮೇಲೆ ಆ ದನಿ ಕೇಳಿ ಖುಷಿಯಾಯಿತು.

ಹುಣ್ಣಿಮೆ ಬಂದಾಗ ಮಾತ್ರ ಸೋತೆವು. ಎಲ್ಲಾ ಕಡೆಯಿಂದ ಬಂದವು. ಬಡಗಣ ಮೂಲೆ ಹೋಯಿತು.

ಎರೆಹೊಲ · 22 ಫೆಬ್ರವರಿ

ರಾಶಿ ಮುಗಿಯಿತು. ಪಂಜರದ ಗಿಡ, ಅದರ ಪಕ್ಕದ ಗಿಡ ಬೇರೆ ಬೇರೆ ಚೀಲದಲ್ಲಿ ಒಕ್ಕಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎಲ್ಲರ ಎದುರು ತೂಗಿದೆವು. ಎರಡು ಪಂಜರದ ಹತ್ತಿರ ವ್ಯತ್ಯಾಸವೇ ಇಲ್ಲ. ಒಂದು ಕಡೆ ತೆರೆದ ಗಿಡವೇ ಸ್ವಲ್ಪ ಜಾಸ್ತಿ ತೂಗಿತು, ಪಾಠದ ತಂಗಿ ಹೇಳಿದ ಕುಡಿ ಚಿವುಟಿದ ಲೆಕ್ಕ ಇರಬೇಕು. ಬಡಗಣ ಮೂಲೆಯಲ್ಲಿ ಮಾತ್ರ ಪಂಜರದೊಳಗಿನ ಅರ್ಧದಷ್ಟೂ ಹೊರಗೆ ಬರಲಿಲ್ಲ. ಅಕ್ಕಾರ ಹೊಲದ ಎರಡೂ ಕಡೆ ಸುಮಾರು ಕಾಲು ಭಾಗ ಹೋಗಿದೆ. ನಷ್ಟ ಇಲ್ಲದ ಕಡೆಯ ತೂಕವನ್ನೂ ಬರೆದಿದ್ದೇವೆ, ಎಲ್ಲಾ ಒಂದೇ ಕಾಗದದಲ್ಲಿ.

ಇಪ್ಪತ್ತಮೂರು ಜನ ಸಹಿ ಹಾಕಿ ಅರ್ಜಿ ಸಿದ್ಧವಾಗಿದೆ. ಲಾವಣಿಯವರ ಹೆಸರು ಬೇರೆ ಹಾಳೆಯಲ್ಲಿ ಇದೆ, ಮೈಸೂರಿನವರು ಎಣಿಸಿದ ಪಟ್ಟಿಯೂ ಜೊತೆಗಿದೆ. ಸೋಮವಾರ ಐದು ಜನ ಸೇರಿ ಹೋಗಿ ಕೊಟ್ಟು, ಸ್ವೀಕೃತಿ ಪಡೆದು ಬರುತ್ತೇವೆ.

ಲಾವಣಿ ಹೊಲ · 22 ಫೆಬ್ರವರಿ

ಆ ಐದರಲ್ಲಿ ನಾನೂ ಒಬ್ಬಳು. ಅತ್ತೆ ಎರಡು ಪಂಜರ ಅಟ್ಟದ ಮೇಲೆ ಎತ್ತಿಟ್ಟಿದ್ದಾರೆ. ಕುಸುಬೆ ಅಕ್ಕಾ, ಬಿತ್ತಲು ಎರಡು ಸೇರು ಕುಸುಬೆ ಬೀಜ ನಿಮ್ಮ ಹತ್ತಿರ ಸಿಗುತ್ತದಾ?

ಕುಸುಬೆ · 23 ಫೆಬ್ರವರಿ

ಸಿಗುತ್ತದೆ ತಂಗಿ. ಮುಂದಿನ ವಾರ ರಾಶಿ ಇದೆ, ಒಳ್ಳೆಯ ಕಾಳು ಆರಿಸಿ ತೆಗೆದಿಡುತ್ತೇನೆ. ಗದಗ ಬಸ್ಸಿನಲ್ಲಿ ಕಳಿಸಲಾ ಅಥವಾ ನೀನೇ ಬರುತ್ತೀಯಾ?